ಏರುತ್ತಿರುವ ಹೆಸರಿಗೆ ಹೆದರಬೇಕಾ?

ಎಲ್ಲರಿಗೂ ನಮಸ್ಕಾರ. ಮಗುವಿಗೆ ಯಾವ ಹೆಸರು ಚೆಂದ ಅಂತ ಹೇಳಲು ನಾನು ಬಂದಿಲ್ಲ. ಅದು ನಿಮ್ಮ ನಿಮ್ಮ ಮನೆಯ ವಿಷಯ. ಒಂದು ಹೆಸರು ಇದ್ದಕ್ಕಿದ್ದಂತೆ ಹತ್ತು ಕಡೆ ಕೇಳಿಸಲು ಶುರುವಾದಾಗ ನಾವು ಅದರ ಬಗ್ಗೆ ಏನೇನೋ ಹೇಳುತ್ತೇವಲ್ಲ, ಆ ಮಾತುಗಳಲ್ಲಿ ಎಷ್ಟು ಹುರುಳಿದೆ ಅಂತ ಇವತ್ತು ನೋಡೋಣ.

ಆ ಮಾತುಗಳು ನಿಮಗೆಲ್ಲ ಗೊತ್ತೇ ಇವೆ. ‘ಅಯ್ಯೋ, ಆ ಹೆಸರು ಬೇಡ, ಈಗ ಎಲ್ಲರೂ ಅದನ್ನೇ ಇಡ್ತಿದ್ದಾರೆ.’ ‘ಇದು ಬರೀ ಫ್ಯಾಶನ್, ಹತ್ತು ವರ್ಷ ಹೋದರೆ ಯಾರೂ ಕೇಳಲ್ಲ.’ ‘ಸಿನಿಮಾ ನೋಡಿ ಇಟ್ಟಿರೋದು, ಬಿಡಿ.’ ಹೊಸದಾಗಿ ಅಪ್ಪ ಅಮ್ಮ ಆದವರ ಅಳಲು ಬೇರೆ: ‘ಯಾರಿಗೂ ಇಲ್ಲದ ಹೆಸರು ಅಂತ ಹುಡುಕಿ ಹುಡುಕಿ ಇಟ್ವಿ. ಈಗ ನೋಡಿದರೆ ಮಗುವಿನ ತರಗತಿಯಲ್ಲೇ ಇನ್ನೂ ಇಬ್ಬರಿದ್ದಾರೆ.’

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಹೆಸರು ಪಟ್ಟಿಯಲ್ಲಿ ಎಷ್ಟನೇ ಸ್ಥಾನದಲ್ಲಿದೆ ಅನ್ನುವುದಕ್ಕೆ ನಾವು ಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಕೊಡುತ್ತಿದ್ದೇವೆ. ನೋಡಬೇಕಾದದ್ದು ಅದು ಎಷ್ಟು ಬೇಗ ಏರುತ್ತಿದೆ ಅನ್ನುವುದನ್ನು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಏರಿದ ಹೆಸರಿನ ಬಗ್ಗೆ ದೊಡ್ಡವರು ಆಡುವ ಹಗುರ ಮಾತು ಕೊನೆಗೆ ಆ ಹೆಸರು ಹೊತ್ತ ಮಕ್ಕಳ ತಲೆಯ ಮೇಲೆ ಬೀಳುತ್ತದೆ.

ಹೆಸರುಗಳನ್ನು ವರ್ಷ ವರ್ಷ ಎಣಿಸಿ ಪ್ರಕಟಿಸುವ ದೇಶಗಳ ಉದಾಹರಣೆಗಳೇ ಇಲ್ಲಿ ಜಾಸ್ತಿ ಬರುತ್ತವೆ. ಅಲ್ಲಿ ಬಾಯಿಮಾತಿಗೆ ಲೆಕ್ಕದ ಆಧಾರ ಸಿಗುತ್ತದೆ, ಅದಕ್ಕೆ.

ಅಮೆರಿಕದಿಂದಲೇ ಶುರು ಮಾಡೋಣ. ಅಲ್ಲಿ ಪಿಂಚಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಮಕ್ಕಳ ಹೆಸರಿನ ಪಟ್ಟಿ ಹೊರತರುತ್ತದೆ. ಈ ಪಟ್ಟಿ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1990ರ ದಶಕದಲ್ಲಿ ಆ ಇಲಾಖೆಯಲ್ಲಿ ಮೈಕೆಲ್ ಶಾಕಲ್‌ಫರ್ಡ್ ಎಂಬ ಗಣಿತಜ್ಞರಿದ್ದರು. ಮೈಕೆಲ್ ಅಂದರೆ ಅವರ ತಲೆಮಾರಿನಲ್ಲಿ ಕರೆದರೆ ನಾಲ್ಕು ಜನ ತಿರುಗಿ ನೋಡುವ ಹೆಸರು. 1954ರಿಂದ 1998ರವರೆಗೆ, 1960 ಒಂದು ವರ್ಷ ಬಿಟ್ಟು, ಅಮೆರಿಕದ ಗಂಡುಮಕ್ಕಳ ಹೆಸರಿನಲ್ಲಿ ಅದೇ ಮೊದಲು. ಅವರ ಮನೆಯಲ್ಲಿ ಮಗು ಹುಟ್ಟುವುದಿತ್ತು. ತಮ್ಮಂತೆ ಎಲ್ಲರಿಗೂ ಇರುವ ಹೆಸರು ತಮ್ಮ ಮಗುವಿಗೆ ಬೇಡ ಅಂತ, ಇಲಾಖೆಯ ಕಡತದಲ್ಲಿದ್ದ ಹೆಸರುಗಳನ್ನು ಎಣಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದರು. ಬಂದ ಪಟ್ಟಿಯನ್ನು 1997ರಲ್ಲಿ ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್‌ನಲ್ಲಿ ಹಾಕಿದರು. ಇವತ್ತು ಮಗು ನಿರೀಕ್ಷಿಸುತ್ತಿರುವ ಎಷ್ಟೋ ಜನ ರಾತ್ರಿ ಕೂತು ಓದುವ ಪಟ್ಟಿ ಅದು. ಎಲ್ಲರಿಗೂ ಇರುವ ಹೆಸರು ಬೇಡ ಎಂಬ ಒಬ್ಬ ಅಪ್ಪನ ಕಾಳಜಿಯಿಂದ ಹುಟ್ಟಿದ್ದು.

ಪಟ್ಟಿ 1880ರವರೆಗೆ ಹಿಂದೆ ಹೋಗುತ್ತದೆ. ಸೋಷಿಯಲ್ ಸೆಕ್ಯುರಿಟಿ ಶುರುವಾದದ್ದೇ 1930ರ ದಶಕದಲ್ಲಿ, ಹಾಗಾಗಿ ಹಳೆಯ ವರ್ಷಗಳ ಎಣಿಕೆ ಪೂರ್ತಿ ಅಲ್ಲ. ಆದರೂ ಪ್ರಮಾಣ ಗೊತ್ತಾಗುತ್ತದೆ. 1880ರ ಎಣಿಕೆಯಲ್ಲಿ ಗಂಡುಮಕ್ಕಳ ಪೈಕಿ ಶೇಕಡಾ 8ರಷ್ಟು ಜಾನ್. ಹೆಣ್ಣುಮಕ್ಕಳ ಪೈಕಿ ಶೇಕಡಾ 7ರಷ್ಟು ಮೇರಿ. 2024ರ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಲಿಯಾಮ್ ಮತ್ತು ಒಲಿವಿಯಾ. ಲಿಯಾಮ್ 2017ರಿಂದ, ಒಲಿವಿಯಾ 2019ರಿಂದ. ಮೊದಲ ಸ್ಥಾನ ಅಂದ ತಕ್ಷಣ ಮನೆಗೊಬ್ಬ ಲಿಯಾಮ್ ಅಂತ ಅನಿಸುತ್ತದೆ, ಅಲ್ವಾ? ನಿಜದಲ್ಲಿ ನೂರು ಗಂಡುಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬ.

ಇದನ್ನು ಒಂದು ತರಗತಿಯೊಳಗೆ ಇಟ್ಟು ನೋಡಿ. ಒಂದು ತರಗತಿಯಲ್ಲಿ 15 ಹುಡುಗರಿದ್ದಾರೆ. ಅವರಲ್ಲಿ ನಿಮ್ಮ ಮಗನೂ ಒಬ್ಬ. ಅವನ ಹೆಸರು ಶೇಕಡಾ 1ರಷ್ಟು ಗಂಡುಮಕ್ಕಳಿಗೆ ಇದ್ದರೆ, ಉಳಿದ 14 ಹುಡುಗರಲ್ಲಿ ಒಬ್ಬನಿಗಾದರೂ ಅದೇ ಹೆಸರಿರುವ ಸಾಧ್ಯತೆ ಶೇಕಡಾ 13. ಅಂದರೆ ಅಂಥ ನೂರು ತರಗತಿಗಳಲ್ಲಿ 87ರಲ್ಲಿ ಆ ಹೆಸರಿನವನು ಅವನೊಬ್ಬನೇ. ಅದೇ ಹೆಸರು ಶೇಕಡಾ 8ರಷ್ಟು ಹುಡುಗರಿಗೆ ಇದ್ದರೆ? ಸಾಧ್ಯತೆ ಶೇಕಡಾ 69ಕ್ಕೆ ಏರುತ್ತದೆ. ಎರಡೂ ಪಟ್ಟಿಯಲ್ಲಿ ‘ನಂಬರ್ ಒನ್’ ಹೆಸರುಗಳೇ. ಆದರೆ ಹಾಜರಿ ಕೂಗುವ ಟೀಚರಿಗೆ ಎರಡೂ ಒಂದೇ ಅಲ್ಲ.

ಹಾಗಾಗಿ ‘ಈಗ ಎಲ್ಲರೂ ಅದನ್ನೇ ಇಡ್ತಿದ್ದಾರೆ’ ಅನ್ನುವ ಮಾತು, ಅಳತೆಯ ದೃಷ್ಟಿಯಿಂದ, ಬಹಳ ಸಲ ತಪ್ಪು. ಹೆಸರುಗಳ ಸಂಖ್ಯೆ ಹಿಂದಿಗಿಂತ ಎಷ್ಟೋ ಪಟ್ಟು ಬೆಳೆದಿದೆ. ಮಕ್ಕಳು ನೂರಾರು ಹೆಸರುಗಳಲ್ಲಿ ಹಂಚಿಹೋಗಿದ್ದಾರೆ. ನಮ್ಮ ಅಜ್ಜ ಅಜ್ಜಿಯರ ಕಾಲದ ಸಾಧಾರಣ ಹೆಸರೊಂದು ಎಷ್ಟು ಜನರಿಗಿತ್ತೋ, ಇವತ್ತಿನ ಅತಿ ಜನಪ್ರಿಯ ಹೆಸರು ಅದರ ಹತ್ತಿರಕ್ಕೂ ಹೋಗದೆ ಇರಬಹುದು.

ಹಾಗಾದರೆ ಎಲ್ಲ ಕಡೆ ಒಂದೇ ಹೆಸರು ಕೇಳಿದಂತೆ ಯಾಕೆ ಅನಿಸುತ್ತದೆ? ನಮ್ಮ ಕಿವಿ ಬರೀ ಹೆಸರನ್ನು ಕೇಳುವುದಿಲ್ಲ, ಹೆಸರಿನ ನಾದವನ್ನು ಕೇಳುತ್ತದೆ. ಅಮೆರಿಕದಲ್ಲಿ ಏಡನ್, ಜೇಡನ್, ಬ್ರೇಡನ್, ಕೇಡನ್, ಹೇಡನ್ ಎಲ್ಲ ಒಟ್ಟೊಟ್ಟಿಗೆ ಏರಿದವು. 2010ರ ಸುಮಾರಿಗೆ ಅಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿಯ ಹೆಸರು ‘ನ್’ ಎಂದು ಮುಗಿಯುತ್ತಿತ್ತು. ನಮ್ಮ ಕಿವಿಗೆ ಪರಿಚಯವಿರುವ ಹೊಸ ಹೆಸರುಗಳನ್ನೇ ನೆನಪಿಸಿಕೊಳ್ಳಿ. ವಿಹಾನ್, ವಿವಾನ್, ಅಯಾನ್, ಕಿಯಾನ್, ರಿಯಾನ್. ಹುಡುಗಿಯರಲ್ಲಿ ಆದ್ಯ, ಆರ್ಯ, ಆರಾಧ್ಯ. ಹೆಸರುಗಳು ಬೇರೆ ಬೇರೆ, ಇಟ್ಟವರು ಬೇರೆ ಬೇರೆ, ಒಬ್ಬರನ್ನು ನೋಡಿ ಒಬ್ಬರು ಇಟ್ಟದ್ದೂ ಅಲ್ಲ. ಆದರೆ ಆಟದ ಮೈದಾನದಲ್ಲಿ ಒಬ್ಬ ಅಮ್ಮ ಜೋರಾಗಿ ಕೂಗಿದರೆ ನಾಲ್ಕು ಮಕ್ಕಳು ತಿರುಗಿ ನೋಡುತ್ತಾರೆ. ನಮಗೆ ಬೇಸರ ಬಂದಿರುವುದು ಆ ನಾದದ ಮೇಲೆ. ಬೈಸಿಕೊಳ್ಳುವುದು ಮಾತ್ರ ಯಾವುದೋ ಒಂದು ಹೆಸರು.

ಈ ನಾದದ ವಿಷಯವನ್ನು ಸಂಶೋಧಕರೂ ನೋಡಿದ್ದಾರೆ. ಜೋನಾ ಬರ್ಗರ್ ಮತ್ತು ಅವರ ಜೊತೆಯವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇತ್ತೀಚೆಗೆ ಯಾವ ಧ್ವನಿಗಳು ಜನರ ಕಿವಿಗೆ ಹೆಚ್ಚು ಬಿದ್ದಿವೆಯೋ ಆ ಧ್ವನಿಯ ಹೆಸರುಗಳು ಮುಂದೆ ಏರುವ ಸಾಧ್ಯತೆ ಜಾಸ್ತಿ ಎಂದು ಕಂಡುಕೊಂಡರು. ಅದಕ್ಕೆ ಅವರು ಬಳಸಿದ ಸಾಮಗ್ರಿ ಚಂಡಮಾರುತಗಳ ಹೆಸರು. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂತು. ಕತ್ರಿನಾ ಎಂಬ ಹೆಸರು ಸಹಜವಾಗಿಯೇ ಬಿದ್ದುಹೋಯಿತು. ದುರಂತದ ಹೆಸರನ್ನು ಮಗುವಿಗೆ ಯಾರು ಇಡುತ್ತಾರೆ? ಆದರೆ ‘ಕ’ ಧ್ವನಿಯಿಂದ ಶುರುವಾಗುವ ಬೇರೆ ಹೆಸರುಗಳು ಹೆಚ್ಚಾದವು. ವಾರಗಟ್ಟಲೆ ಕಿವಿಗೆ ಬಿದ್ದ ಧ್ವನಿ, ಯಾರಿಗೂ ತಿಳಿಯದಂತೆ, ಅಪ್ಪ ಅಮ್ಮಂದಿರ ಆಯ್ಕೆಯೊಳಗೆ ಸೇರಿಕೊಂಡಿತ್ತು.

‘ಯಾರಿಗೂ ಇಲ್ಲದ ಹೆಸರು ಹುಡುಕಿದೆವು, ಆದರೂ ಹೀಗಾಯ್ತು’ ಅನ್ನುವವರಿಗೆ ಉತ್ತರ ಇಲ್ಲೇ ಇದೆ. ನೀವು ಯಾರನ್ನೂ ನಕಲು ಮಾಡಲಿಲ್ಲ. ನಿಮ್ಮ ವಯಸ್ಸಿನ ಇನ್ನೊಂದು ಜೋಡಿ, ನೀವು ಕೇಳಿದ್ದನ್ನೇ ಕೇಳಿ ಬೆಳೆದು, ನಿಮಗೆ ಹಳತೆನಿಸಿದ್ದೇ ಅವರಿಗೂ ಹಳತೆನಿಸಿ, ನಿಮಗೆ ಹೊಸತೆನಿಸಿದ್ದೇ ಅವರಿಗೂ ಹೊಸತೆನಿಸಿ, ಅದೇ ಹೆಸರಿಗೆ ಬಂದು ನಿಂತಿತು. ನಿಮ್ಮ ಶಾಲೆಯಲ್ಲಿ ಮೂರು ಮೂರು ಜನರಿಗಿದ್ದ ಹೆಸರು ನಿಮಗೆ ಬೇಡ. ಅಪ್ಪ ಅಮ್ಮನ ಗೆಳೆಯರ ಹೆಸರು ಇನ್ನೂ ಬೇಡ. ಇಷ್ಟನ್ನು ತೆಗೆದ ಮೇಲೆ ಉಳಿಯುವ ಹೆಸರುಗಳು ನಾವು ಅಂದುಕೊಂಡಷ್ಟು ಇರುವುದಿಲ್ಲ. ಇದಕ್ಕೆ ಬೇಸರ ಪಡಬೇಕಾಗಿಲ್ಲ. ಒಂದೇ ಕಾಲದಲ್ಲಿ ಬದುಕುತ್ತಿರುವ ಜನ ಅಂದಮೇಲೆ ಇಷ್ಟಾದರೂ ಹೋಲಿಕೆ ಇರುತ್ತದೆ.

ಇನ್ನು ‘ಸಿನಿಮಾ ನೋಡಿ ಇಟ್ಟದ್ದು’ ಅನ್ನುವ ಮಾತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೆನ್ನಿಫರ್ ಅನ್ನುವ ಹೆಸರು ತೆಗೆದುಕೊಳ್ಳೋಣ. 1970ರಿಂದ 1984ರವರೆಗೆ, ಹದಿನೈದು ವರ್ಷ ಸತತವಾಗಿ, ಅಮೆರಿಕದ ಹೆಣ್ಣುಮಕ್ಕಳ ಹೆಸರಿನಲ್ಲಿ ಅದೇ ಮೊದಲು. ಉತ್ತುಂಗದಲ್ಲಿದ್ದಾಗ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಶೇಕಡಾ 4ರಷ್ಟು ಜೆನ್ನಿಫರ್‌ಗಳು. 15 ಹುಡುಗಿಯರ ತರಗತಿಯ ಲೆಕ್ಕ ಇಲ್ಲಿ ಹಾಕಿದರೆ, ಇನ್ನೊಬ್ಬ ಜೆನ್ನಿಫರ್ ಇರುವ ಸಾಧ್ಯತೆ ಶೇಕಡಾ 44. ಇದು ಹೇಗಾಯಿತು ಅಂತ ಕೇಳಿದರೆ ಬಹಳ ಜನ 1970ರಲ್ಲಿ ತೆರೆಕಂಡ ಒಂದು ಪ್ರೇಮಕಥೆಯ ಸಿನಿಮಾ ಕಡೆ ಬೆರಳು ತೋರಿಸುತ್ತಾರೆ. ಅದರ ನಾಯಕಿಯ ಹೆಸರು ಜೆನ್ನಿಫರ್. ಆದರೆ ಆ ಸಿನಿಮಾ ಬಂದದ್ದು 1970ರ ಡಿಸೆಂಬರಿನಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗಲೇ ಹೆಸರಿಟ್ಟಾಗಿತ್ತು. 1960ರ ದಶಕ ಮುಗಿಯುವ ಮೊದಲೇ ಜೆನ್ನಿಫರ್ ಮೊದಲ ಹತ್ತರೊಳಗೆ ಬಂದಿತ್ತು. ಅದಕ್ಕೂ ಹಿಂದಿನಿಂದ, ದಶಕಗಳ ಕಾಲ, ಮೆಲ್ಲಗೆ ಏರುತ್ತಲೇ ಇತ್ತು.

ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ಹೆಸರುಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರು ಒತ್ತಿ ಹೇಳಿದ್ದು ಇದನ್ನೇ. ರುಚಿ ಬದಲಾಗಲು ಪ್ರತಿ ಸಲವೂ ಹೊರಗಿನ ಕಾರಣ ಬೇಕಿಲ್ಲ. ಈಗ ಚಾಲ್ತಿಯಲ್ಲಿರುವುದನ್ನೇ ಸ್ವಲ್ಪ ತಿರುಗಿಸಿ, ಸ್ವಲ್ಪ ಮುಂದಕ್ಕೆ ತಳ್ಳಿ, ಫ್ಯಾಶನ್ ತನ್ನಷ್ಟಕ್ಕೇ ನಡೆಯುತ್ತದೆ. ಚಿತ್ರಕಥೆ ಬರೆಯುವವರೂ ನಮ್ಮ ನಿಮ್ಮಂತೆಯೇ ಈ ಕಾಲದ ಜನ. ನಾಯಕಿಗೆ ಹೆಸರಿಡುವಾಗ ಅವರೂ ಈ ಕಾಲಕ್ಕೆ ಹೊಸತೆನಿಸುವ ಹೆಸರನ್ನೇ ಹುಡುಕುತ್ತಾರೆ. ಹೆಸರನ್ನು ಸಿನಿಮಾ ಏರಿಸಿತೋ, ಏರುತ್ತಿದ್ದ ಹೆಸರನ್ನು ಸಿನಿಮಾ ಹಿಡಿದುಕೊಂಡಿತೋ, ಸುಮ್ನೆ ತೀರ್ಪು ಕೊಡುವ ಮೊದಲು ಇಸವಿ ನೋಡಬೇಕು.

ಸಿನಿಮಾದಿಂದಲೇ ಹುಟ್ಟಿದ ಹೆಸರುಗಳೂ ಇವೆ. ಮ್ಯಾಡಿಸನ್ ಅನ್ನುವುದು ಹುಡುಗಿಯರ ಹೆಸರಾಗಿ ಹೆಚ್ಚುಕಡಿಮೆ ಇರಲೇ ಇಲ್ಲ. 1984ರ ಒಂದು ಸಿನಿಮಾದಲ್ಲಿ ನಾಯಕಿ ಬೀದಿಯ ಬೋರ್ಡು ನೋಡಿ ಆ ಹೆಸರು ಇಟ್ಟುಕೊಳ್ಳುತ್ತಾಳೆ. 2001ರ ಹೊತ್ತಿಗೆ ಅದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ನಡುವೆ ಹೋದದ್ದು 17 ವರ್ಷ. ಸಿನಿಮಾ ಬೀಜ ಹಾಕಿರಬಹುದು. ಆದರೆ 2001ರಲ್ಲಿ ಆ ಹೆಸರಿಟ್ಟ ಬಹುಪಾಲು ಅಪ್ಪ ಅಮ್ಮಂದಿರಿಗೆ ಆ ದೃಶ್ಯ ನೆನಪಿನಲ್ಲೂ ಇರಲಿಕ್ಕಿಲ್ಲ. ಅವರು ಅದನ್ನು ಕೇಳಿದ್ದು ಪಕ್ಕದ ಮನೆಯ ಮಗುವಿನಿಂದ.

ಈಗ ವೇಗದ ಮಾತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಮುಖ್ಯ.

ಅಮೆರಿಕದಲ್ಲಿ 1880ರಿಂದ 1946ರವರೆಗೆ ಹೆಣ್ಣುಮಕ್ಕಳ ಹೆಸರಿನಲ್ಲಿ ಮೇರಿಯನ್ನು ಯಾರೂ ಅಲುಗಾಡಿಸಿರಲಿಲ್ಲ. 1947ರಲ್ಲಿ ಲಿಂಡಾ ಅದನ್ನು ಹಿಂದಕ್ಕೆ ಹಾಕಿತು. ಆ ಒಂದೇ ವರ್ಷ ಸುಮಾರು 1 ಲಕ್ಷ ಮಕ್ಕಳಿಗೆ ಲಿಂಡಾ ಎಂದು ಹೆಸರಿಟ್ಟರು. ಆ ಹೊತ್ತಿಗೆ ಅದೇ ಹೆಸರಿನ ಹಾಡೊಂದು ರೇಡಿಯೋದಲ್ಲಿ ಎಲ್ಲ ಕಡೆ ಕೇಳಿಸುತ್ತಿತ್ತು. ಹೆಸರು ಮೊದಲೇ ಏರುತ್ತಿತ್ತು, ಹಾಡು ಅದನ್ನು ಒಮ್ಮೆಲೇ ಮೇಲಕ್ಕೆ ಎತ್ತಿತು. ಆರು ವರ್ಷ ಮೊದಲ ಸ್ಥಾನ. 1953ರಲ್ಲಿ ಮೇರಿ ಮತ್ತೆ ಮುಂದೆ ಬಂತು. ಲಿಂಡಾ ಇಳಿಯುತ್ತಾ ಹೋಯಿತು. ಈಗ ಅಮೆರಿಕದಲ್ಲಿ ಲಿಂಡಾ ಅಂದರೆ ಹೆಚ್ಚಿನವರ ಕಣ್ಣೆದುರು ಬರುವುದು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ.

ಇದರ ಪಕ್ಕದಲ್ಲಿ ಎಲಿಜಬೆತ್ ಇಟ್ಟು ನೋಡಿ. ಅದು ಯಾವತ್ತೂ ಲಿಂಡಾದಂತೆ ಧೂಳೆಬ್ಬಿಸಲಿಲ್ಲ. ಆದರೆ 1880ರಿಂದ ಇವತ್ತಿನವರೆಗೆ ಮೊದಲ ಮೂವತ್ತರಿಂದ ಹೊರಗೂ ಹೋಗಲಿಲ್ಲ. ಎಲಿಜಬೆತ್ ಅಂದರೆ ಎಷ್ಟು ವಯಸ್ಸಿರಬಹುದು? ಹೇಳಲಾಗದು. ಐದಿರಬಹುದು, ಐವತ್ತಿರಬಹುದು, ತೊಂಬತ್ತಿರಬಹುದು.

ಇದಕ್ಕೂ ಒಂದು ಅಧ್ಯಯನವಿದೆ. ಜೋನಾ ಬರ್ಗರ್ ಮತ್ತು ಗೇಲ್ ಲ ಮೆನ್ಸ್ 2009ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ನೂರು ವರ್ಷಕ್ಕೂ ಹೆಚ್ಚಿನ ಹೆಸರುಗಳ ಲೆಕ್ಕ ತೆಗೆದುಕೊಂಡು ನೋಡಿದರು. ಬೇಗ ಏರಿದ ಹೆಸರು ಬೇಗ ಇಳಿಯುತ್ತದೆ. ನಿಧಾನವಾಗಿ ಏರಿದ್ದು ನಿಧಾನವಾಗಿ ಇಳಿಯುತ್ತದೆ. ಯಾಕೆ ಅಂತ ತಿಳಿಯಲು ಮಗು ನಿರೀಕ್ಷಿಸುತ್ತಿದ್ದವರನ್ನು ಮಾತಾಡಿಸಿದರು. ಒಮ್ಮೆಲೇ ಏರಿದ ಹೆಸರು ನಾಲ್ಕು ದಿನದ್ದು ಎಂದು ಅವರಿಗೆ ಅನಿಸುತ್ತಿತ್ತು. ಅನಿಸಿದ್ದಕ್ಕೆ ಆ ಹೆಸರು ಬಿಡುತ್ತಿದ್ದರು. ಬಿಟ್ಟದ್ದಕ್ಕೆ ಅದು ನಿಜವಾಗಿಯೂ ನಾಲ್ಕು ದಿನದ್ದಾಗುತ್ತಿತ್ತು.

ಅಂದರೆ ‘ಇದು ಬರೀ ಫ್ಯಾಶನ್’ ಅನ್ನುವ ಹಿರಿಯರ ಮಾತಿನಲ್ಲಿ ಹುರುಳಿದೆ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಏರುತ್ತಿರುವ ಎಲ್ಲ ಹೆಸರಿಗೂ ಅದು ಅನ್ವಯಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ನೂರರಿಂದ ಇಪ್ಪತ್ತಕ್ಕೆ ಬಂದ ಹೆಸರು ಬೇರೆ. ಮೂರೇ ವರ್ಷದಲ್ಲಿ ಎಲ್ಲಿಂದಲೋ ಬಂದು ಇಪ್ಪತ್ತಕ್ಕೆ ನಿಂತ ಹೆಸರು ಬೇರೆ. ಇಬ್ಬರಿಗೂ ಈ ವರ್ಷದ ಪಟ್ಟಿಯಲ್ಲಿ ಒಂದೇ ಸಂಖ್ಯೆ ಕಾಣುತ್ತದೆ. ಈ ವರ್ಷದ ಪಟ್ಟಿ ಮಾತ್ರ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಪಟ್ಟಿ ಓದುವವರಿಗೆ ಇನ್ನೊಂದು ಮಾತು. ಅಮೆರಿಕವಾಗಲಿ ಇಂಗ್ಲೆಂಡ್ ಆಗಲಿ, ಒಂದೊಂದು ಕಾಗುಣಿತವನ್ನು ಒಂದೊಂದು ಹೆಸರಾಗಿ ಎಣಿಸುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರಿನಲ್ಲಿ ಮುಹಮ್ಮದ್ ಮೊದಲು ಬಂತು. ಅದು ಒಂದೇ ಕಾಗುಣಿತದ ಲೆಕ್ಕ. ಅದೇ ಹೆಸರಿನ ಬೇರೆ ಕಾಗುಣಿತಗಳಿಗೆ ಪಟ್ಟಿಯಲ್ಲಿ ಬೇರೆ ಬೇರೆ ಸ್ಥಾನ. ಅಮೆರಿಕದಲ್ಲಿ ಸೋಫಿಯಾ ಎಂಬ ಹೆಸರನ್ನು ಎರಡು ರೀತಿ ಬರೆಯುವವರಿದ್ದಾರೆ, ಎರಡೂ ಪಟ್ಟಿಯ ಮೇಲ್ಭಾಗದಲ್ಲೇ ಇವೆ. ಕೂಗುವಾಗ ಎರಡೂ ಒಂದೇ. ಹೆಸರು ಬೇರೆ ಆಗಲಿ ಅಂತ ಇಂಗ್ಲಿಷಿನಲ್ಲಿ ಒಂದು ‘ಎ’ ಜಾಸ್ತಿ ಹಾಕುವವರು, ‘ಐ’ ತೆಗೆದು ‘ವೈ’ ಹಾಕುವವರು ಇದನ್ನು ಯೋಚಿಸಬೇಕು. ಕಾಗದದ ಮೇಲೆ ಬೇರೆ ಆಯಿತು, ನಿಜ. ಆದರೆ ಹೆಸರು ದಿನವಿಡೀ ಬದುಕುವುದು ಬಾಯಲ್ಲಿ, ಕಿವಿಯಲ್ಲಿ. ಮಗುವಿಗೆ ಉಳಿಯುವುದು ಪ್ರತಿ ಕೌಂಟರಿನಲ್ಲೂ ಅಕ್ಷರ ಬಿಡಿಸಿ ಹೇಳುವ ಕೆಲಸ. ಇದರ ವಿರುದ್ಧ ನನಗೆ ಗಟ್ಟಿ ಅಭಿಪ್ರಾಯವೇ ಇದೆ. ಹೆಸರು ಇಷ್ಟವಿದ್ದರೆ ನೇರವಾಗಿ ಇಡಿ, ಎಲ್ಲರೂ ಬರೆಯುವಂತೆ ಬರೆಯಿರಿ.

ಎಷ್ಟೇ ಲೆಕ್ಕ ಹಾಕಿದರೂ ನಮ್ಮ ಕೈಯಲ್ಲಿಲ್ಲದ ಸಂಗತಿಗಳೂ ಇವೆ. ಅಲೆಕ್ಸಾ ನೋಡಿ. 2014ರ ಕೊನೆಗೆ ಅಮೆಜಾನ್ ತನ್ನ ಮಾತಾಡುವ ಯಂತ್ರಕ್ಕೆ ಆ ಹೆಸರಿಟ್ಟಿತು. 2015ರಲ್ಲಿ ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಅಲೆಕ್ಸಾ ಎಂದು ಹೆಸರಿಟ್ಟಿದ್ದರು. 2020ಕ್ಕೆ ಅದು 1,300ರ ಆಸುಪಾಸಿಗೆ ಇಳಿಯಿತು. ಆಗಲೇ ಆ ಹೆಸರಿದ್ದ ಹುಡುಗಿಯರನ್ನು ಯೋಚಿಸಿ. ತರಗತಿಯಲ್ಲಿ ಯಾರೋ ‘ಅಲೆಕ್ಸಾ, ಲೈಟ್ ಹಾಕು’ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮರುದಿನ ಮತ್ತೆ ಅದೇ. ಅವಳ ಅಪ್ಪ ಅಮ್ಮ ಯಾವ ತಪ್ಪೂ ಮಾಡಿರಲಿಲ್ಲ. ಆ ಹೆಸರನ್ನು ಹೀಗೆ ಬಳಸಿದ್ದು ಸರಿಯಾಗಲಿಲ್ಲ ಅಂತಲೇ ನನಗೆ ಅನಿಸುತ್ತದೆ. ಮಾರುವ ವಸ್ತುವಿಗೆ ಹೆಸರು ಬೇಕಿದ್ದರೆ ಮಕ್ಕಳಿಗೆ ಇಡದ ಪದ ಸಾವಿರ ಸಿಗುತ್ತಿದ್ದವು.

ಇಲ್ಲಿಂದ ನನ್ನ ಎರಡನೇ ಮಾತಿಗೆ ಹೋಗಬೇಕು. ಅದಕ್ಕೆ ಕೆವಿನ್ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಫ್ರಾನ್ಸಿನಲ್ಲಿ 1803ರ ಒಂದು ಕಾನೂನಿತ್ತು. ಮಗುವಿನ ಹೆಸರು ಸಂತರ ಹೆಸರುಗಳಿರುವಂಥ ಕ್ಯಾಲೆಂಡರುಗಳಲ್ಲಿ ಬರುವ ಹೆಸರಾಗಿರಬೇಕು, ಇಲ್ಲವೇ ಪ್ರಾಚೀನ ಇತಿಹಾಸದ ವ್ಯಕ್ತಿಗಳದ್ದಾಗಿರಬೇಕು ಎಂಬ ನಿಯಮ. ಕಾಲ ಕಳೆದಂತೆ ಅದು ಸಡಿಲವಾಗುತ್ತಾ ಬಂತು. 1993ರಲ್ಲಿ ಬಂದ ಹೊಸ ಕಾನೂನು ಅಪ್ಪ ಅಮ್ಮಂದಿರಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿತು, ಮಗುವಿನ ಹಿತಕ್ಕೆ ಧಕ್ಕೆ ಬಂದರೆ ಮಾತ್ರ ನ್ಯಾಯಾಲಯ ನೋಡುತ್ತದೆ. ಆ ಹೊತ್ತಿಗೆ ಅಮೆರಿಕದ ಸಿನಿಮಾ, ಟೀವಿ ಮನೆ ಮನೆಗೆ ಬಂದಾಗಿತ್ತು. ಕೆವಿನ್ ಮೂಲದಲ್ಲಿ ಐರ್ಲೆಂಡಿನ ಹಳೆಯ ಹೆಸರು. ಆದರೆ ಫ್ರಾನ್ಸಿಗೆ, ಜರ್ಮನಿಗೆ ಅದು ಅಮೆರಿಕದ ಹೊಳಪಿನ ಜೊತೆ ಬಂತು. 1991ರಲ್ಲಿ ಎರಡೂ ದೇಶಗಳಲ್ಲಿ ಗಂಡುಮಕ್ಕಳ ಹೆಸರಿನಲ್ಲಿ ಕೆವಿನ್ ಮೊದಲು.

ಆಮೇಲೆ ಅದು ಅಷ್ಟೇ ಬೇಗ ಇಳಿಯಿತು. ಇಳಿದದ್ದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ದುಡಿಯುವ ಮನೆಗಳಲ್ಲಿ ಆ ಹೆಸರು ಜಾಸ್ತಿ ಇತ್ತು. ಓದಿದ, ಉಳ್ಳ ಜನ ಅದನ್ನು ಕೀಳಾಗಿ ನೋಡಲು ಶುರು ಮಾಡಿದರು. ಕೆವಿನ್ ಅಂದರೆ ಓದಿಲ್ಲದ ಮನೆಯವನು, ಗಲಾಟೆ ಹುಡುಗ ಎಂಬ ಜೋಕುಗಳು ಹುಟ್ಟಿದವು. 2009ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಹೆಸರುಗಳ ಬಗ್ಗೆ ಪ್ರಶ್ನೆ ಕೇಳಿದರು. ಕೆಲವು ಹೆಸರು ಕೇಳಿದರೆ ಜಾಣ, ವಿಧೇಯ ಮಗು ನೆನಪಾಗುತ್ತದೆ ಎಂದರು. ಕೆವಿನ್ ಎಂದರೆ ತೊಂದರೆ ಕೊಡುವ ಮಗು. ಒಬ್ಬ ಶಿಕ್ಷಕರಂತೂ ಅದು ಹೆಸರಲ್ಲ, ಒಂದು ರೋಗನಿರ್ಣಯ ಅಂತ ಬರೆದಿದ್ದರು. ಆ ಸಾಲು ಜರ್ಮನಿಯಲ್ಲೆಲ್ಲ ನಗೆಮಾತಾಗಿ ಹರಡಿತು.

ನನಗೆ ಅದು ನಗೆಮಾತು ಅನಿಸುವುದಿಲ್ಲ. ಆರು ವರ್ಷದ ಹುಡುಗ ಮೊದಲ ದಿನ ಶಾಲೆಗೆ ಬರುತ್ತಾನೆ. ಹೊಸ ಬ್ಯಾಗು, ಹೊಸ ಪೆನ್ಸಿಲ್. ಟೀಚರ್ ಪಟ್ಟಿ ನೋಡುತ್ತಾರೆ, ಹೆಸರು ಓದುತ್ತಾರೆ, ಅವನು ಬಾಯಿ ತೆರೆಯುವ ಮೊದಲೇ ಅವನ ಬಗ್ಗೆ ಒಂದು ತೀರ್ಮಾನ ಆಗಿಹೋಗಿರುತ್ತದೆ. ಆ ಹೆಸರು ಅವನು ಕೇಳಿ ಪಡೆದದ್ದಲ್ಲ. ಅವನ ಅಪ್ಪ ಅಮ್ಮನಿಗೆ ಅದು ಲೋಕದಲ್ಲೇ ಚೆಂದದ ಹೆಸರಾಗಿತ್ತು. 2022ರಲ್ಲಿ ಫ್ರಾನ್ಸಿನ ಸಂಸತ್ತಿಗೆ ಕೆವಿನ್ ಹೆಸರಿನ ಇಬ್ಬರು ಆಯ್ಕೆಯಾದಾಗ ಅದೇ ಒಂದು ಸುದ್ದಿಯಾಯಿತು. ಸುದ್ದಿಯಾಗಬೇಕಿತ್ತಾ ಹೇಳಿ. ಅವರ ವಯಸ್ಸಿನ ಗಂಡಸರಲ್ಲಿ ಆ ಹೆಸರಿನವರು ಅಷ್ಟೊಂದು ಜನ ಇರುವಾಗ ಸಂಸತ್ತಿನಲ್ಲಿ ಇಬ್ಬರಿರುವುದು ಸಹಜವೇ.

ಹೊಸ ಹೆಸರು ಕೇಳಿ ಮೂಗು ಮುರಿಯುವಾಗ ನಾವು ಹೆಸರನ್ನು ಮಾತ್ರ ಅಳೆಯುತ್ತಿರುತ್ತೇವಾ? ಬಹಳ ಸಲ ಇಲ್ಲ. ಆ ಹೆಸರನ್ನು ಎಂಥ ಮನೆಯವರು ಇಡುತ್ತಾರೆ ಅನ್ನುವುದನ್ನು ಅಳೆಯುತ್ತಿರುತ್ತೇವೆ. ಅದೇ ಹೆಸರನ್ನು ಮೊದಲು ದೊಡ್ಡ ಮನೆಯವರು ಇಟ್ಟಾಗ ‘ಎಷ್ಟು ಹೊಸ ಥರ ಇದೆ’ ಅಂದಿರುತ್ತೇವೆ. ಐದು ವರ್ಷ ಬಿಟ್ಟು ಎಲ್ಲರ ಮನೆಗೆ ಬಂದ ಮೇಲೆ ‘ಈಗ ಯಾರು ನೋಡಿದ್ರೂ ಅದೇ’ ಅನ್ನುತ್ತೇವೆ. ಹೆಸರು ಬದಲಾಗಿರುವುದಿಲ್ಲ. ಅಭಿಪ್ರಾಯ ಇರಲಿ, ತಪ್ಪಿಲ್ಲ. ಮಗು ಹುಟ್ಟುವ ಮೊದಲು, ಕೇಳಿದವರಿಗೆ ಹೇಳಿ. ಹೆಸರಿಟ್ಟು ಆದಮೇಲೆ ಅದನ್ನು ನಿಲ್ಲಿಸಿಬಿಡಿ. ಮಗುವಿನೆದುರು, ಅಣ್ಣ ಅಕ್ಕಂದಿರ ಎದುರು ಆ ಮಾತು ಬೇಡವೇ ಬೇಡ. ಮಕ್ಕಳಿಗೆ ಎಲ್ಲ ಕೇಳಿಸುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರು ಇಲ್ಲಿ ಸೇರಿಸುತ್ತಿದ್ದೇನೆ.

ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು, ‘ಹಾಗಾದರೆ ನಮ್ಮ ಕಾಲದ ಹೆಸರುಗಳು ಹೋಗೇ ಬಿಟ್ಟವಾ?’ ಎಂದು ಕೇಳಿದರು. ಹೋಗಿಲ್ಲ ಸರ್. ಸ್ವಲ್ಪ ಕಾಯಬೇಕು, ಅಷ್ಟೇ. ಅಪ್ಪ ಅಮ್ಮನ ತಲೆಮಾರಿನ ಹೆಸರು ಹಳತು ಅನಿಸುತ್ತದೆ. ಅಜ್ಜ ಅಜ್ಜಿಯರದ್ದು ಇನ್ನೂ ಹಳತು. ಆದರೆ ಮುತ್ತಜ್ಜ ಮುತ್ತಜ್ಜಿಯರ ಹೆಸರು ಹೊತ್ತ ಜನ ನಮ್ಮ ಸುತ್ತ ಉಳಿದಿರುವುದಿಲ್ಲ, ಹಾಗಾಗಿ ಅದು ಮತ್ತೆ ಹೊಸತಾಗಿ ಕೇಳಿಸುತ್ತದೆ. ಅಮೆರಿಕದಲ್ಲಿ ಥಿಯೋಡರ್ 2021ರಲ್ಲಿ ಮೊದಲ ಹತ್ತಕ್ಕೆ ಬಂತು. ಹೇಜಲ್, ಎವೆಲಿನ್, ಹೆನ್ರಿ ಎಲ್ಲ ಹೀಗೆಯೇ ತಿರುಗಿ ಬಂದವು. ಒಂದು ಹೆಸರು ಹೋಗಿ ಬರಲು ಸುಮಾರು ನೂರು ವರ್ಷ ಎಂದು ಹೆಸರುಗಳ ಬಗ್ಗೆ ಬರೆಯುವವರು ಹೇಳುತ್ತಾರೆ. ಅದು ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಎಷ್ಟೋ ಹೆಸರುಗಳಲ್ಲಿ ನಿಜವಾಗಿದೆ. ನಿಮ್ಮ ಹೆಸರು ನಿಮ್ಮ ಮೊಮ್ಮಗನಿಗೆ ಹಿಡಿಸದಿದ್ದರೂ ಮೊಮ್ಮಗನ ಮಗನಿಗೆ ಹಿಡಿಸಬಹುದು.

ಕಾಲೇಜು ಹುಡುಗಿಯೊಬ್ಬಳು ಹುಡುಗರಿಗೂ ಹುಡುಗಿಯರಿಗೂ ಸಲ್ಲುವ ಹೆಸರುಗಳ ಬಗ್ಗೆ ಕೇಳಿದಳು. ಆಶ್ಲಿ, ಲೆಸ್ಲಿ, ಬೆವರ್ಲಿ ಎಲ್ಲ ಒಂದು ಕಾಲದಲ್ಲಿ ಗಂಡು ಹೆಸರುಗಳೇ. ಹುಡುಗಿಯರಿಗೆ ಇಡಲು ಶುರುವಾದ ಮೇಲೆ ಗಂಡುಮಕ್ಕಳ ಅಪ್ಪ ಅಮ್ಮಂದಿರು ಅವನ್ನು ಬಿಟ್ಟರು. 1991 ಮತ್ತು 1992ರಲ್ಲಿ ಅಮೆರಿಕದ ಹೆಣ್ಣುಮಕ್ಕಳಲ್ಲಿ ಆಶ್ಲಿಯೇ ಮೊದಲು. ಹುಡುಗಿಯರ ಹೆಸರು ಹುಡುಗರ ಕಡೆ ಹೋದದ್ದು ಬಹಳ ಕಮ್ಮಿ. ಗಂಡು ಹೆಸರು ಹೆಣ್ಣಿಗೆ ಇಟ್ಟರೆ ಗತ್ತು, ಹೆಣ್ಣು ಹೆಸರು ಗಂಡಿಗೆ ಇಟ್ಟರೆ ಅವಮಾನ ಅಂತ ಜನ ಇನ್ನೂ ಅಂದುಕೊಂಡಿರುವುದರಿಂದ ಹೀಗಾಗುತ್ತದೆ. ಈ ಅಸಮಾನತೆ ಹೋಗಲಿ ಅನ್ನುವುದು ನನ್ನ ಆಸೆ.

ಕೊನೆಯ ಪ್ರಶ್ನೆ ಮುಂದಿನ ತಿಂಗಳು ಹೆರಿಗೆಯಿರುವ ಒಬ್ಬರದು. ‘ನಮಗಿಬ್ಬರಿಗೂ ಒಂದು ಹೆಸರು ತುಂಬಾ ಇಷ್ಟ. ಆದರೆ ಅದು ಈಗ ಎಲ್ಲ ಕಡೆ ಏರ್ತಾ ಇದೆ. ಬಿಡಬೇಕಾ?’ ಎಂದು ಕೇಳಿದರು.

ಬಿಡಬೇಡಿ ಎಂದೆ. ಬಿಡುವ ಮೊದಲು ಎರಡು ಕೆಲಸ ಮಾಡಿ. ಲೆಕ್ಕ ಸಿಗುವ ಕಡೆ ಹತ್ತು ವರ್ಷದ ಲೆಕ್ಕ ನೋಡಿ, ಎಲ್ಲ ಕಾಗುಣಿತಗಳನ್ನೂ ಕೂಡಿಸಿ. ಲೆಕ್ಕ ಸಿಗದಿದ್ದರೆ ಶಾಲೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬರನ್ನು ಕೇಳಿ. ಏಳನೇ ತರಗತಿಯಲ್ಲಿ ಆ ಹೆಸರಿನ ಒಂದಿಬ್ಬರು, ಒಂದನೇ ತರಗತಿಯಲ್ಲಿ ಇಬ್ಬರು ಮೂವರು ಇದ್ದರೆ ಅದು ನಿಧಾನವಾಗಿ ಬರುತ್ತಿರುವ ಹೆಸರು. ದೊಡ್ಡ ತರಗತಿಗಳಲ್ಲಿ ಒಬ್ಬರೂ ಇಲ್ಲದೆ ಎಲ್‌ಕೆಜಿಯಲ್ಲಿ ಆರು ಜನ ಇದ್ದರೆ ಅದು ಭರದಿಂದ ಬಂದದ್ದು, ಮುಂದೆ ಅವಳ ಹೆಸರು ಕೇಳಿದವರು ಹುಟ್ಟಿದ ಇಸವಿ ಊಹಿಸುತ್ತಾರೆ. ಅಷ್ಟಾದರೆ ಪರವಾಗಿಲ್ಲ ಅನಿಸಿದರೆ ಅದೇ ಹೆಸರು ಇಡಿ. ‘ಅವಳು’ ಅಂದೆನಲ್ಲ, ಅವರು ನಕ್ಕು, ‘ಗಂಡೋ ಹೆಣ್ಣೋ ಗೊತ್ತಿಲ್ಲ, ಎರಡಕ್ಕೂ ಅದೇ ಹೆಸರು ಅಂದ್ಕೊಂಡಿದ್ದೀವಿ’ ಎಂದರು. ಇನ್ನೂ ಒಳ್ಳೆಯದಾಯಿತು ಎಂದೆ.